ಮೇಲ್ಪಂಕ್ತಿ ಬರೆದವರು

ಗಲ್ಫಿನ ಮುಸಫ್ಫಾದಲ್ಲಿರುವ ನಮ್ಮ ಕಂಪನಿಯಲ್ಲಿ ನನ್ನ ಕೆಲಸಕ್ಕೆ ಡಾಕ್ಯುಮೆಂಟ್ ಕಂಟ್ರೋಲರ್ ಎಂದು ಹೆಸರು. ತೈಲಬಾವಿಗಳಿಗೆ ಬೇಕಾದ ಪೈಪು, ವಾಲ್ವುಗಳ ನಕ್ಷೆಗಳೆಲ್ಲ ನನ್ನ ಮೇಜು ದಾಟಿಯೇ ಹೊರಗೆ ಹೋಗಬೇಕು. ಪ್ರತಿ ನಕ್ಷೆಯ ಮೂಲೆಯಲ್ಲಿ ಮೂರು ಚೌಕಗಳಿರುತ್ತವೆ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಮೂರರಲ್ಲಿ ಒಂದು ಖಾಲಿಯಿದ್ದರೂ ನಾನು ಬಿಡುವುದಿಲ್ಲ. ಮ್ಯಾನೇಜರು ಬಂದು “ಯಲ್ಲಾ, ಬೇಗ ಬೇಗ, ಇವತ್ತೇ ಹೋಗಬೇಕು” ಎಂದು ತಲೆಯ ಮೇಲೆ ನಿಂತರೂ ಬಿಡುವುದಿಲ್ಲ. ಒಪ್ಪಿದವರ ಹೆಸರು ಹಾಕಲು ಯಾರೂ ಮರೆತದ್ದನ್ನು ನಾನು ಕಂಡಿಲ್ಲ. ಮರೆಯುವುದು ಯಾವಾಗಲೂ ಬರೆದವನ ಹೆಸರನ್ನೇ. ಆಫೀಸಿನಲ್ಲಿ ನನಗೆ ಜಗಳಗಂಟಿ ಎಂಬ ಬಿರುದು ಬಂದದ್ದು ಹೀಗೆ. ಅದನ್ನು ನಾನು ಬೇಡವೆಂದೂ ಹೇಳಿಲ್ಲ.

ಕಳೆದ ವರ್ಷ ನನ್ನ ಪಕ್ಕದ ಕೋಣೆಗೆ ಹಿರಿಯ ಇಂಜಿನಿಯರ್ ಒಬ್ಬರು ಬಂದರು. ಸ್ಕಾಟ್ಲೆಂಡಿನವರು, ಮೃದು ಮಾತಿನ ಮನುಷ್ಯ. ಊಟದ ಹೊತ್ತಿನಲ್ಲಿ ತಮ್ಮ ಊರಿನ ಪತ್ರಾಗಾರದ ವೆಬ್‌ಸೈಟ್ ತೆರೆದು ಹಳೆಯ ಕೈಬರಹದ ಪ್ರತಿಗಳನ್ನು, ಅಂಚಿನ ತುಂಬ ಟಿಪ್ಪಣಿ ಗೀಚಿದ ಪುಸ್ತಕಗಳನ್ನು ನೋಡುವುದು ಅವರ ಹವ್ಯಾಸ. ಒಂದು ದಿನ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, “ಇದು ನೀವು ಫೋನಿನಲ್ಲಿ ಬರೆಯುವ ಲಿಪಿಯಲ್ಲವೇ?” ಎಂದು ಕೇಳಿದರು.

ಅಪ್ಪಟ ಕನ್ನಡ. ಇನ್ನೂರು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿದ್ದ ಸ್ಕಾಟಿಷ್ ಸೇನಾಧಿಕಾರಿಯೊಬ್ಬನ ನೋಟ್‌ಪುಸ್ತಕವಂತೆ. ಪ್ರತಿ ಪುಟದ ನೆತ್ತಿಯಲ್ಲಿ ಒಂದೇ ಒಂದು ಸಾಲು, ಮುತ್ತು ಪೋಣಿಸಿದಂಥ ಅಕ್ಷರ. ಅದರ ಕೆಳಗೆ ಅದೇ ವಾಕ್ಯ ಎಂಟು ಸಲ, ಸೊಟ್ಟಸೊಟ್ಟಾಗಿ. ‘ಕುದುರೆಗೆ ಹುರುಳಿ ಬೇಯಿಸು.’ ‘ನಾಳೆ ಬೆಳಿಗ್ಗೆ ದಾರಿ ತೋರಿಸು.’ ಅಂಚಿನಲ್ಲಿ ಇಂಗ್ಲಿಷ್ ಟಿಪ್ಪಣಿಗಳು. ಪಕ್ಕದಲ್ಲಿ ಪತ್ರಾಗಾರದ ವಿವರಣೆ ಹೀಗಿತ್ತು: ಮೇಲಿನ ಸಾಲು ಅಧಿಕಾರಿಯ ಸುಂದರ ಕೈಬರಹ, ಕೆಳಗಿನವು ಸ್ಥಳೀಯ ಗುಮಾಸ್ತನೊಬ್ಬ ಮಾಡಿದ ನಕಲುಗಳು.

ನನಗೆ ಮೊದಲು ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು.

ಕನ್ನಡ ಶಾಲೆಯಲ್ಲಿ ಕಾಪಿ ಬರೆದ ಯಾರನ್ನಾದರೂ ಕೇಳಿ. ಪುಟದ ನೆತ್ತಿಯ ಸಾಲು ಮೇಷ್ಟ್ರದು. ಅದಕ್ಕೆ ಮೇಲ್ಪಂಕ್ತಿ ಎನ್ನುತ್ತಾರೆ. ಅದನ್ನು ನೋಡಿಕೊಂಡು ಕೆಳಗೆಲ್ಲ ತುಂಬಿಸುವುದು ಶಿಷ್ಯನ ಪಾಡು. ನಮ್ಮ ಟೀಚರು ಮೂವತ್ತೆಂಟು ಮಕ್ಕಳ ಪುಸ್ತಕಕ್ಕೂ ತಮ್ಮ ಕೈಯಾರೆ ಮೇಲ್ಪಂಕ್ತಿ ಬರೆದುಕೊಡುತ್ತಿದ್ದರು, ಅಚ್ಚಿನ ಕಾಪಿಪುಸ್ತಕ ಕೊಳ್ಳಲಾಗದವರು ನಾವು. ಈ ಪುಟದಲ್ಲಿ ಚೆಂದದ ಅಕ್ಷರದವರು ಕಲಿಸಿದವರು, ಸೊಟ್ಟ ಅಕ್ಷರದವನು ಅಧಿಕಾರಿ. ಪತ್ರಾಗಾರ ಅದನ್ನು ತಲೆಕೆಳಗು ಮಾಡಿತ್ತು. ಚೆಂದದ್ದು ಬಿಳಿಯನದೇ ಇರಬೇಕು, ಸೊಟ್ಟದ್ದು ನಮ್ಮವನದೇ ಇರಬೇಕು ಎಂದು ಯಾರೋ ಕುಳಿತಲ್ಲೇ ತೀರ್ಮಾನಿಸಿದ್ದರು. ಪಾಠ ಹೇಳಿದವರ ಅಕ್ಷರ ಕಿತ್ತು ಪಾಠ ಹೇಳಿಸಿಕೊಂಡವನಿಗೆ ಕೊಟ್ಟ ಹಾಗಾಯಿತು. ನನಗೆ ಸಂಕಟವಾದದ್ದು ಅದಕ್ಕೆ. ಆ ಮೇಷ್ಟ್ರಿಂದ ಉಳಿದಿರುವುದು ಆ ಒಂದೊಂದು ಸಾಲು ಮಾತ್ರ, ಅದೂ ಬೇರೆಯವನ ಪಾಲಾಗಿತ್ತು.

ನನ್ನ ಮಾತು ಕೇಳಿ ಇಂಜಿನಿಯರು ಗಡ್ಡ ಕೆರೆದುಕೊಂಡರು. “ಈ ವಿವರಣೆ ಹಳೆಯದು. ಬಲ್ಲವರೇ ಬರೆದಿರುತ್ತಾರೆ” ಎಂದರು.

“ಏನು ಬಲ್ಲವರು?” ಎಂದೆ. ಅವರು ಪರದೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು.

ಅವತ್ತೇ ಪತ್ರಾಗಾರಕ್ಕೆ ಈಮೇಲ್ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ಆಸಕ್ತಿಗೆ ಧನ್ಯವಾದ, ಸಲಹೆಯನ್ನು ಗಮನಿಸಲಾಗಿದೆ, ಆದರೆ ವಿವರಣೆ ತಿದ್ದಲು ಪ್ರಕಟಿತ ಆಧಾರ ಬೇಕು. ಜೊತೆಗೆ, ನೀವು ಯಾವ ವಿಶ್ವವಿದ್ಯಾಲಯದವರು ಎಂಬ ವಿನಯದ ಪ್ರಶ್ನೆ. ನಾನು ಯಾವ ವಿಶ್ವವಿದ್ಯಾಲಯದವಳೂ ಅಲ್ಲ, ಬಿ.ಕಾಂ. ಮಾಡಿ ಮುಸಫ್ಫಾದ ಬಸ್ಸು ಹತ್ತಿದವಳು.

ಮನೆಯಲ್ಲಿ ನನ್ನ ಗಂಡ ಸೋಫಾದ ಮೇಲೆ ಕಾಲು ಚಾಚಿಕೊಂಡು ಈ ಉತ್ತರ ಓದಿದರು. ಅವರು ಪುತ್ತೂರಿನ ಕಡೆಯವರು. “ನಿಂಗೆಂತ ಮರ್ಲಾ ಮಾರಾಯ್ತಿ? ಅವ ಸತ್ತು ಇನ್ನೂರು ವರ್ಷ ಆಯ್ತು. ಇನ್ನು ಅವನಿಗೆ ಎಂತ ಆಗ್ಬೇಕು?”

“ಅವನು ಅನ್ಬೇಡಿ, ಅವ್ರು ಅನ್ನಿ. ಮೇಷ್ಟ್ರು.”

“ಆಯ್ತು, ಅವ್ರು. ಅವ್ರೇನು ನಿನ್ನತ್ರ ಬಂದು ಹೇಳಿದ್ರಾ?”

ಹೇಳಲು ಬರಲಾಗದವರ ಪರವಾಗಿಯೇ ಅಲ್ಲವೇ ಬೇರೆಯವರು ಹೇಳಬೇಕಾದ್ದು? ಹಾಗೆಂದು ಕೇಳಿದೆ. ಅವರು ಟೀವಿ ಹಾಕಿದರು.

ಆಧಾರ ನನಗೆ ಸಿಕ್ಕಿದ್ದು ಹಮ್ದಾನ್ ಸ್ಟ್ರೀಟಿನಲ್ಲಿ. ಅಲ್ಲಿ ಗೆಳತಿಯೊಬ್ಬಳ ಫ್ಲಾಟಿನ ಹಾಲಿನಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದು ಮಕ್ಕಳಿಗೆ ಕನ್ನಡ ಬರೆಯುವುದನ್ನು ಕಲಿಸುತ್ತೇನೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು. ಆ ಶನಿವಾರ ಎಲ್ಲರ ಪುಟದ ಮೇಲೂ ಒಂದೊಂದು ಸಾಲು ಬರೆದು, ಕೆಳಗೆ ಎಂಟು ಸಲ ಬರೆಯಿರಿ ಎಂದೆ.

“ಆಂಟಿ, ವೈ ಏಯ್ಟ್?” ಎಂದಳು ಒಬ್ಬಳು.

“ಒಬ್ರು ಆಫೀಸರ್ ಬರ್ದಿದಾರೆ ಪುಟ್ಟಿ. ನೀನೂ ಬರಿ.”

ಮಕ್ಕಳು ಬರೆಯುವುದನ್ನು ಹಿಂದೆ ನಿಂತು ನೋಡಿದೆ. ಮೊದಲ ಎರಡು ಸಾಲಿಗೆ ಕಣ್ಣು ಮೇಲ್ಪಂಕ್ತಿಯ ಮೇಲಿರುತ್ತದೆ. ಮೂರನೆಯದಕ್ಕೆ ಸೋಮಾರಿತನ ಬರುತ್ತದೆ. ಅಷ್ಟು ಮೇಲೆ ಯಾರು ನೋಡುತ್ತಾರೆ, ತಾನು ಈಗಷ್ಟೇ ಬರೆದ ಸಾಲನ್ನೇ ನೋಡಿ ಬರೆದರಾಯಿತು. ಆ ಹುಡುಗಿಯ ಒಂದು ಅಕ್ಷರದ ಹೊಟ್ಟೆ ಮೂರನೇ ಸಾಲಿನಲ್ಲಿ ಬಿಚ್ಚಿಕೊಂಡಿತು, ಎಂಟನೇ ಸಾಲಿನ ತನಕ ಮುಚ್ಚಲಿಲ್ಲ. ಇನ್ನೊಬ್ಬನ ಸಾಲು ನಾಲ್ಕರಲ್ಲಿ ಇಳಿಜಾರು ಹಿಡಿದದ್ದು ಎಂಟರಲ್ಲಿ ಪುಟದಿಂದಲೇ ಜಾರುವುದರಲ್ಲಿತ್ತು. ತಪ್ಪು ಎಲ್ಲಿ ಹುಟ್ಟುತ್ತದೋ ಅಲ್ಲಿಂದ ಕೆಳಗೆ ಸಂಸಾರ ಹೂಡುತ್ತದೆ.

ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಕಳಿಸಿ, ಅಲ್ಲೇ ನೆಲದ ಮೇಲೆ ಕುಳಿತು ಫೋನಿನಲ್ಲಿ ಅಧಿಕಾರಿಯ ಪುಟಗಳನ್ನು ತೆರೆದೆ. ಅದೇ ಕಥೆ. ಮೂರನೇ ಸಾಲಿನಲ್ಲಿ ಕೆಟ್ಟ ಅಕ್ಷರ ಎಂಟರವರೆಗೂ ಹಾಗೇ. ಬರೆಯುವುದೇ ಅನ್ನವಾದ ಗುಮಾಸ್ತ ಹೀಗೆ ಮಾಡುವುದಿಲ್ಲ, ಅವನ ಕಣ್ಣು ಮೂಲ ಬಿಟ್ಟು ಕದಲುವುದಿಲ್ಲ. ಇದು ಕಲಿಯುವವನ ತಪ್ಪು. ದೊಡ್ಡದು ಮಾಡಿ ನೋಡಿದರೆ ಇನ್ನೊಂದು ಕಂಡಿತು. ಸೊಟ್ಟ ಸಾಲುಗಳ ಶಾಯಿಯೂ ಲೇಖನಿಯ ಅಗಲವೂ ಅಂಚಿನ ಇಂಗ್ಲಿಷ್ ಟಿಪ್ಪಣಿಯದೇ. ಮೇಲ್ಪಂಕ್ತಿಯ ಲೇಖನಿ ಬೇರೆ.

ಒಂದೊಂದೇ ಪುಟ ಸರಿಸುತ್ತ ಕೊನೆಯ ಹಾಳೆಗೆ ಬಂದೆ. ಅಲ್ಲಿನ ಮೇಲ್ಪಂಕ್ತಿ: ‘ಐಗಳಿಗೆ ಕುರ್ಚಿ ಹಾಕು.’

ಐಗಳೆಂದರೆ ಮೇಷ್ಟ್ರು. ಅಷ್ಟು ದಿನವೂ ಅಧಿಕಾರಿ ಅವರನ್ನು ನಿಲ್ಲಿಸಿಯೇ ಪಾಠ ಹೇಳಿಸಿಕೊಂಡಿದ್ದನೋ, ನೆಲದ ಮೇಲೆ ಕೂರಿಸಿದ್ದನೋ ನನಗೆ ತಿಳಿಯದು. ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲವೇನೋ. ಆದ್ದರಿಂದ ಮೇಲ್ಪಂಕ್ತಿ ಹಾಕಿಕೊಟ್ಟು, ಶಿಷ್ಯನ ಕೈಯಲ್ಲೇ ಎಂಟು ಸಲ ಬರೆಸಿದ್ದರು. ಅವನು ಎಂಟು ಸಲವೂ ನಿಷ್ಠೆಯಿಂದ ಬರೆದು, ಅಂಚಿನಲ್ಲಿ ಇಂಗ್ಲಿಷಿನಲ್ಲಿ ‘ಆಳುಗಳಿಗೆ ಹೇಳುವ ಮಾತು’ ಎಂದು ಟಿಪ್ಪಣಿ ಮಾಡಿಕೊಂಡಿದ್ದ. ನಾನು ಆ ಖಾಲಿ ಹಾಲಿನಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಭಲೇ ಮೇಷ್ಟ್ರೇ ಅನ್ನಿಸಿತು. ನಗುತ್ತ ನಗುತ್ತಲೇ ಕಣ್ಣು ತುಂಬಿತು, ಇಂಥವರನ್ನು ಗುಮಾಸ್ತ ಎಂದು ಬರೆದು ಅವರ ಅಕ್ಷರವನ್ನೂ ಕಿತ್ತುಕೊಂಡಿದ್ದಾರಲ್ಲ ಎಂದು.

ಎರಡನೇ ಪತ್ರ ಕಂಪನಿಯ ಶಿಸ್ತಿನಲ್ಲಿಯೇ ಹೋಯಿತು. ತಾಯಂದಿರನ್ನು ಕೇಳಿ ಮಕ್ಕಳ ಪುಟಗಳ ಫೋಟೊ, ಅಧಿಕಾರಿಯ ಪುಟಗಳ ಪಕ್ಕಪಕ್ಕದಲ್ಲಿ. ತಪ್ಪು ಹುಟ್ಟಿದ ಜಾಗಕ್ಕೆ ಕೆಂಪು ಬಾಣ. ಕೊನೆಯ ಹಾಳೆಯ ಅನುವಾದ. ಅದರ ಕೆಳಗೆ ಒಂದು ಪ್ರಶ್ನೆ: ಮೇಷ್ಟ್ರಿಗೆ ಕುರ್ಚಿ ಹಾಕು ಎಂಬ ವಾಕ್ಯವನ್ನು ಅಧಿಕಾರಿ ತಾನೇ ಯೋಚಿಸಿ, ತನ್ನ ಗುಮಾಸ್ತನಿಂದ ಎಂಟು ಸಲ ಬರೆಸಿದನೆಂದು ನೀವು ನಂಬುತ್ತೀರಾ? ಪ್ರಕಟಿತ ಆಧಾರ ನನ್ನಲ್ಲಿಲ್ಲ, ಹನ್ನೊಂದು ಮಕ್ಕಳಿದ್ದಾರೆ ಎಂದೂ ಬರೆದೆ.

ಈ ಸಲ ಉತ್ತರ ಬರೆದದ್ದು ಬೇರೆಯವರು, ಅಲ್ಲಿನ ಹಸ್ತಪ್ರತಿಗಳನ್ನು ನೋಡಿಕೊಳ್ಳುವ ಹೆಂಗಸು. ಮೂಲ ಪುಸ್ತಕ ಹೊರಗೆ ತೆಗೆದು ಶಾಯಿ ಹೋಲಿಸಿ ನೋಡಿದರಂತೆ. “ನೀವು ಹೇಳಿದ್ದು ಸರಿ. ಇಷ್ಟು ದಿನ ಯಾರೂ ಕೇಳದಿದ್ದುದು ನಮಗೆ ನಾಚಿಕೆ” ಎಂದು ಬರೆದಿದ್ದರು. ನೆಟ್ಟಗಿನ ಹೆಂಗಸು. ಹೊಸ ವಿವರಣೆಯನ್ನೂ ಕಳಿಸಿದ್ದರು: ಮೇಲಿನ ಸಾಲು ಸ್ಥಳೀಯ ಶಿಕ್ಷಕರದು, ಹೆಸರು ತಿಳಿದಿಲ್ಲ. ಕೆಳಗಿನವು ಅಧಿಕಾರಿಯ ಅಭ್ಯಾಸ. ಅಧಿಕಾರಿಗೆ ಹೆಸರು, ಹುದ್ದೆ, ಹುಟ್ಟಿದ ಊರು, ಸತ್ತ ಊರು ಎಲ್ಲವೂ ಇದ್ದವು.

“ಖಲಾಸ್. ಗೆದ್ದಿ ಅಲ್ವಾ? ಇನ್ನಾದ್ರೂ ಊಟ ಮಾಡುವ” ಎಂದರು ನನ್ನ ಗಂಡ.

ಊಟ ಮಾಡಿದೆ. ಆದರೆ ‘ಹೆಸರು ತಿಳಿದಿಲ್ಲ’ ಎಂಬುದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಇತ್ತು. ಯಾರಿಗೆ ತಿಳಿದಿಲ್ಲ? ದಿನಾ ಬಂದು ಪಾಠ ಹೇಳಿದವರ ಹೆಸರು ಆ ಶಿಷ್ಯನಿಗೆ ತಿಳಿಯದೇ ಇರುತ್ತದೆಯೇ? ಕುದುರೆಗಳ ಹೆಸರು ಅಂಚಿನಲ್ಲಿ ಬರೆದುಕೊಂಡಿದ್ದಾನೆ, ನಾಯಿಯ ಹೆಸರೂ ಇದೆ. ತಿಳಿದಿಲ್ಲ ಎಂದರೆ ತಪ್ಪು ಯಾರದೂ ಅಲ್ಲ, ಕಾಲದ್ದು. ಬರೆದಿಲ್ಲ ಎಂದರೆ ಒಬ್ಬ ಮನುಷ್ಯನದು. ನನ್ನ ಕೆಲಸದಲ್ಲಿ ಚೌಕ ಖಾಲಿಯಿದ್ದರೆ ‘ತಿಳಿದಿಲ್ಲ’ ಎಂದು ತುಂಬಿಸುವುದಿಲ್ಲ. ತುಂಬಿಸಬೇಕಾಗಿದ್ದವನು ಯಾರು ಎಂದು ಕೇಳುತ್ತೇವೆ. ಇಷ್ಟನ್ನೇ ಮೂರನೇ ಪತ್ರದಲ್ಲಿ ಬರೆದೆ. ಉಪಕಾರಸ್ಮರಣೆಯೆಂದು ನನ್ನ ಹೆಸರು ಹಾಕುವುದಾಗಿ ಆಕೆ ಹೇಳಿದ್ದರು. ಅದನ್ನು ತೆಗೆದುಬಿಡಿ, ಆ ಜಾಗದಲ್ಲಿ ಈ ಮಾತು ಹಾಕಿ ಎಂದೂ ಬರೆದೆ.

ಮೂರು ವಾರ ಸದ್ದಿಲ್ಲ. ಆಮೇಲೊಂದು ಮಧ್ಯಾಹ್ನ ಇಂಜಿನಿಯರೇ ನನ್ನನ್ನು ಕರೆದರು. ಪರದೆಯ ಮೇಲೆ ಆ ಪುಟವಿತ್ತು, ವಿವರಣೆಗೆ ಹೊಸ ವಾಕ್ಯವೊಂದು ಸೇರಿತ್ತು: ಅಧಿಕಾರಿಯು ತನ್ನ ಶಿಕ್ಷಕರ ಹೆಸರನ್ನು ಎಲ್ಲಿಯೂ ಬರೆದಿಟ್ಟಿಲ್ಲ.

ಅವರು ಎರಡು ಸಲ ಓದಿದರು. ತಮ್ಮೂರಿನವನಲ್ಲವೇ, ನೋವಾಗಿರಬೇಕು. “ಸ್ವಲ್ಪ ಕಠಿಣವಾಯಿತೇನೋ” ಎಂದರು ಮೆಲ್ಲಗೆ. “ಎದ್ದು ಬಂದು ಉತ್ತರ ಹೇಳಲು ಪಾಪ ಅವನಿಲ್ಲ.”

“ಹೇಳುವುದು ಬೇಡ, ಬರೆದಿಡಬಹುದಿತ್ತು” ಎಂದೆ. “ಬರೆಯಲು ಕಲಿಸಿದ್ದರಲ್ಲ.”