ಹೊಟ್ಟೆಯ ಸದ್ದಿಗೊಂದು ಕೀಬೋರ್ಡು

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ದಿನಗಳು. ನಿಟ್ಟುವಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಎರಡು ಕೀಬೋರ್ಡುಗಳು ಒಂದು ವಾರ ಅತಿಥಿಗಳಾಗಿದ್ದವು. ಅಡುಗೆಮನೆಗೆ ಹೋಗಬೇಕಾದರೆ ನಮ್ಮವ್ವ ಅವುಗಳನ್ನು ದಾಟಿಯೇ ಹೋಗಬೇಕಿತ್ತು. ಪ್ರತಿಸಲ ಸೀರೆಯ ನಿರಿಗೆ ಎತ್ತಿ ಹಿಡಿದು ದಾಟುತ್ತಾ, ಇವಕ್ಕೂ ತಟ್ಟೆ ಹಾಕಬೇಕೋ ಹೇಗೆ ಎಂದು ಕೇಳುತ್ತಿದ್ದಳು.

ತಂದಿಟ್ಟವರು ಅವಳ ತಮ್ಮನೇ. ನನ್ನ ಸೋದರಮಾವ ಪಿ.ಜೆ. ಬಡಾವಣೆಯಲ್ಲಿ ಮೈಕ್ ಸೆಟ್ಟು, ವಾದ್ಯಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಬೆಂಗಳೂರಿನಲ್ಲಿ ಯಾವುದೋ ರೆಕಾರ್ಡಿಂಗ್ ಸ್ಟುಡಿಯೋ ಬಾಗಿಲು ಹಾಕಿದಾಗ ಈ ಎರಡನ್ನೂ ಹೊತ್ತು ತಂದಿದ್ದರು. ನಾನಾಗ ಹರಿಹರದಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯೊಂದರಲ್ಲಿ ಕೀಬೋರ್ಡ್ ಬಾರಿಸುತ್ತಿದ್ದೆ. ನನ್ನ ಹಳೆಯ ಕೀಬೋರ್ಡು ಮಕ್ಕಳ ಆಟಿಕೆಗಿಂತ ಒಂದು ಕೈ ಮೇಲು, ಅಷ್ಟೆ. ಎರಡನ್ನೂ ಬಾರಿಸಿ ನೋಡಿ ಒಂದನ್ನು ಕಂಪನಿಗೆ ಆರಿಸಿಕೋ, ಇನ್ನೊಂದಕ್ಕೆ ಶಿವಮೊಗ್ಗದ ಆರ್ಕೆಸ್ಟ್ರಾದವರು ಕಾದು ಕೂತಿದ್ದಾರೆ ಎಂದರು ಮಾವ. ಎರಡೂ ಬೇಕು ಎಂದೆ. ಅವರು ಕಿವುಡರಂತೆ ವೈರು ಸುತ್ತುತ್ತಾ ಕೂತರು.

ಮೊದಲನೆಯದು ವೇವ್‌ಟೇಬಲ್ ಸಿಂಥಸೈಜರ್. ಸದ್ದಿನ ಅಲೆಗಳ ಚಿಕ್ಕಚಿಕ್ಕ ನಮೂನೆಗಳನ್ನು ಅದರೊಳಗೆ ಸಾಲಾಗಿ ತುಂಬಿಟ್ಟಿದ್ದರು. ಒಂದು ಕೀ ಒತ್ತಿ ಹಿಡಿದರೆ ಸೀರೆ ಅಂಗಡಿಯವನು ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕುವ ಹಾಗೆ ಸದ್ದು ನಮೂನೆಯಿಂದ ನಮೂನೆಗೆ ಬದಲಾಗುತ್ತಾ ಹೋಗುತ್ತಿತ್ತು. ಗಂಟೆ, ಗಾಜು, ಬೆಳ್ಳಿ ಲೋಟಕ್ಕೆ ಚಮಚ ತಾಗಿದಂಥ ಸದ್ದು, ಎಲ್ಲವೂ ಥಳಥಳ. ಮೈಮೇಲೆ ಮಾತ್ರ ನಾಲ್ಕಾರು ಗುಂಡಿ, ಒಂದು ಪುಟ್ಟ ಪರದೆ. ಏನನ್ನಾದರೂ ಬದಲಿಸಬೇಕೆಂದರೆ ಆ ಪರದೆಯಲ್ಲಿ ಪುಟದ ಮೇಲೆ ಪುಟ ತಿರುವಬೇಕು. ಎರಡನೆಯದು ವರ್ಚುವಲ್ ಅನಲಾಗ್. ಹಳೆಯ ಕಾಲದ ದೊಡ್ಡ ಸಿಂಥಸೈಜರ್‌ಗಳು ಸರ್ಕ್ಯೂಟಿನಲ್ಲಿ ಮಾಡುತ್ತಿದ್ದುದನ್ನು ಇದರೊಳಗಿನ ಎಲೆಕ್ಟ್ರಾನಿಕ್ ಚಿಪ್ ಲೆಕ್ಕ ಹಾಕಿ ನಕಲು ಮಾಡುತ್ತಿತ್ತು. ಇದರ ಮೈತುಂಬ ನಾಬ್‌ಗಳು. ಒಂದನ್ನು ತಿರುಗಿಸಿದರೆ ಸದ್ದು ಮುಚ್ಚಿಕೊಳ್ಳುತ್ತಿತ್ತು, ಇನ್ನೊಂದನ್ನು ತಿರುಗಿಸಿದರೆ ಕಿರುಚುತ್ತಿತ್ತು.

ಮೊದಲನೆಯದನ್ನು ಕೇಳಿದರೆ ಬಂಗಾರದಂಗಡಿಯಲ್ಲಿ ನಿಂತ ಹಾಗಾಗುತ್ತದೆ, ಎರಡನೆಯದು ಹಿಟ್ಟಿನ ಗಿರಣಿ ಚಾಲೂ ಆದ ಹಾಗಿದೆ ಎಂದು ಅವ್ವ ತೀರ್ಪು ಕೊಟ್ಟಳು. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಬಂಗಾರದಂಗಡಿಗೆ ಮನಸೋತು ಹೋಗಿದ್ದೆ. ಒಂದು ಬೆಳಿಗ್ಗೆ ಗಿರಣಿಯಿಂದ ಪಿಟೀಲಿನ ಸದ್ದು ಹೊರಡಿಸುತ್ತೇನೆಂದು ಹಟಕ್ಕೆ ಬಿದ್ದು ನಾಬ್ ತಿರುಗಿಸುತ್ತಿದ್ದಾಗ ಪಿಟೀಲಿನ ಬದಲು ಕೆಳಗಿನಿಂದ ಗುಳುಗುಳು ಎನ್ನುತ್ತಾ ಏಳುವ ಒಂದು ಅಸಭ್ಯ ಸದ್ದು ಬಂತು. ಅಡುಗೆಮನೆಯಿಂದ ಅವ್ವನ ದನಿ ಕೇಳಿಸಿತು.

"ಹಸಿವಾತೇನೋ? ತಡಿ, ಎರಡು ರೊಟ್ಟಿ ಬಡೀತೀನಿ."

ನನಗೆ ಸಿಟ್ಟು ಬಂತು. ಸಂಗೀತದವನಿಗೆ ಆಡುವ ಮಾತೇ ಇದು? ಆದರೆ ರೊಟ್ಟಿ ತಿನ್ನುತ್ತಾ ಕೂತಾಗ ನಮ್ಮ ಕಂಪನಿಯ ಅಕ್ಕ ನೆನಪಾದಳು.

ಅಕ್ಕ ಎಂದರೆ ನಮ್ಮ ಹಾಸ್ಯನಟಿ. ವಯಸ್ಸಿನಲ್ಲಿ ನನ್ನ ಅವ್ವನಷ್ಟು ಹಿರಿಯಳಾದರೂ ಕಂಪನಿಗೆಲ್ಲ ಅವಳು ಅಕ್ಕ. ನಾಟಕದಲ್ಲಿ ಅವಳದು ಮುನಿಸಿಕೊಂಡ ಬೀಗಿತ್ತಿಯ ಪಾತ್ರ. ಮಗಳ ಗಂಡನ ಮನೆಗೆ ಬರುತ್ತಾಳೆ, ಮರ್ಯಾದೆ ಸಾಲದು ಎಂದು ಊಟ ಬಿಟ್ಟು ಕೂರುತ್ತಾಳೆ. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತದೆ. ಗತ್ತಿನಿಂದ "ನನಗೆ ಹಸಿವಿಲ್ಲ" ಎನ್ನುತ್ತಾಳೆ, ಆಗ ಹೊಟ್ಟೆ ಗುರುಗುಟ್ಟುತ್ತದೆ. ಮತ್ತೆ ಇಲ್ಲವೆನ್ನುತ್ತಾಳೆ, ಹೊಟ್ಟೆ ಎದುರುತ್ತರ ಕೊಡುತ್ತದೆ. ಇಡೀ ದೃಶ್ಯ ಅವಳಿಗೂ ಅವಳ ಹೊಟ್ಟೆಗೂ ನಡೆಯುವ ಜಗಳ.

ಇಷ್ಟು ವರ್ಷ ಆ ಹೊಟ್ಟೆಯನ್ನು ನುಡಿಸುತ್ತಿದ್ದವರು ಅವಳ ಗಂಡ, ನಮ್ಮ ತಬಲಾ ಮಾಸ್ತರು. ಎಡದ ಡಗ್ಗಾದ ಮೇಲೆ ಅಂಗೈ ಒತ್ತಿ ಸವರಿ ಅವರು ಹೊರಡಿಸುತ್ತಿದ್ದ ಆ ಸದ್ದಿಗೆ ಜನ ಬೆಂಚು ಗುದ್ದಿ ನಗುತ್ತಿದ್ದರು. ಆದರೆ ಹರಿಹರಕ್ಕೆ ಬಂದ ಹೊಸದರಲ್ಲಿ ಮಾಸ್ತರು ಹೊಳೆಯ ಮೆಟ್ಟಿಲ ಮೇಲೆ ಜಾರಿ ಎಡ ಮುಂಗೈ ಮುರಿದುಕೊಂಡರು. ಮೂಳೆ ಕೂಡಿತು, ಬೆರಳು ಮಡಚಲು ಬರಲಿಲ್ಲ. ಬದಲಿಗೆ ಬಂದ ತಬಲಾದವನು ತಾಳಕ್ಕೆ ಪಕ್ಕಾ, ಹೊಟ್ಟೆಗೆ ಪ್ರಯೋಜನವಿಲ್ಲ. ಅವನು ಬಾರಿಸಿದರೆ ತಬಲಾ ಬಾರಿಸಿದ ಹಾಗೇ ಕೇಳುತ್ತಿತ್ತು. ನಗು ಸತ್ತುಹೋಯಿತು. ಕಂಪನಿಯ ಮಾಲಕರು ಭಾನುವಾರದವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಜನ ನಗದಿದ್ದರೆ ಆ ದೃಶ್ಯ ತೆಗೆದು ಒಂದು ಕ್ಯಾಸೆಟ್ ಡ್ಯಾನ್ಸು ಹಾಕುವುದೆಂದರು. ದೃಶ್ಯ ಹೋದರೆ ಅಕ್ಕನಿಗೆ ಉಳಿಯುವುದು ಕೊನೆಯಲ್ಲಿ ವಧೂವರರಿಗೆ ಅಕ್ಷತೆ ಹಾಕುವ ಕೆಲಸ ಮಾತ್ರ. ಮಾಸ್ತರು ವಾದ್ಯದವರ ಕಡೆ ಬರುವುದನ್ನೇ ಬಿಟ್ಟು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಅವರನ್ನು ಹಾಗೆ ನೋಡುವಾಗ ನನಗೆ ಸಂಕಟವಾಗುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದೂ ಶನಿವಾರ ನಾನು ಹೊತ್ತುಕೊಂಡು ಹೋದದ್ದು ಬಂಗಾರದಂಗಡಿಯನ್ನೇ. ಬೆಡ್‌ಶೀಟಿನಲ್ಲಿ ಸುತ್ತಿ ಹರಿಹರದ ಬಸ್ಸು ಹತ್ತಿಸಿದರೆ, ಇದು ಹೊಲಿಗೆ ಮಷಿನ್ನೋ ತೊಟ್ಟಿಲೋ ಎಂದು ಬಸ್ಸೆಲ್ಲ ವಿಚಾರಿಸಿತು. ನಾಟಕದ ಶುರುವಿಗೆ ಪರದೆ ಏಳುವಾಗ ಅದರ ಗಂಟೆಗಳನ್ನು ಬಿಟ್ಟೆ ನೋಡಿ, ತಗಡಿನ ಥಿಯೇಟರಿಗೆ ಥಿಯೇಟರೇ ಗಪ್ಪಾಯಿತು. ಮಾಲಕರು ಪಕ್ಕದ ಪರದೆಯಿಂದ ಇಣುಕಿ ಎರಡೂ ಕೈ ಎತ್ತಿದರು. ನಾನು ಉಬ್ಬಿ ಹೋದೆ. ಹೊಟ್ಟೆಗೆಂದೇ ಒಂದು ತಗ್ಗು ಸದ್ದನ್ನು ಮನೆಯಲ್ಲಿ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಮೊದಲ ಸಲ ಅದಕ್ಕೆ ಜನ ನಕ್ಕರು. ಎರಡನೇ ಸಲ ಅದೇ ಸದ್ದು ಬಂತು, ಅರ್ಧ ನಗು. ಮೂರನೇ ಸಲವೂ ಅದೇ. ಬದಲಿಸೋಣವೆಂದು ಪುಟ್ಟ ಪರದೆಯ ಪುಟ ತಿರುವುವಷ್ಟರಲ್ಲಿ ಅಕ್ಕ ಮಾತು ಮುಗಿಸಿ ಕಾದು, ತಾನೇ ಹೊಟ್ಟೆ ತಟ್ಟಿಕೊಂಡು, ಮುಂದಕ್ಕೆ ಹೋಗಿಬಿಟ್ಟಿದ್ದಳು.

ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದವಳ ಹತ್ತಿರ ಹೋಗಿ ನಿಂತೆ. ಬೈದರೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ.

"ಸದ್ದು ಚಂದ ಐತೆ ತಮ್ಮ. ಆದ್ರೆ ಅದು ನನ್ ಮಾತು ಕೇಳಿಸ್ಕೊಳ್ಳಂಗಿಲ್ಲ."

ರಾತ್ರಿಯೇ ಬಂಗಾರದಂಗಡಿಯನ್ನು ಮನೆಗೆ ಮರಳಿಸಿ, ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಗಿರಣಿಯನ್ನು ಹತ್ತಿಸಿದೆ. ಥಿಯೇಟರು ಖಾಲಿಯಿತ್ತು. ವೈರು ಜೋಡಿಸಿ, ನಮ್ಮವ್ವನನ್ನು ರೊಟ್ಟಿ ಬಡಿಯಲು ಎಬ್ಬಿಸಿದ್ದ ಆ ಗುಳುಗುಳು ಸದ್ದನ್ನು ಹುಡುಕುತ್ತಾ ಕೂತೆ. ಅದು ಸಿಕ್ಕಿದಾಗ ಗೇಟಿನ ಕಡೆಯಿಂದ ಚಪ್ಪಲಿ ಎಳೆಯುವ ಸಪ್ಪಳ ಹತ್ತಿರ ಬಂತು. ಮಾಸ್ತರು. ಯಂತ್ರವನ್ನು ದುರುಗುಟ್ಟಿ ನೋಡಿದರು. ಇದನ್ನು ಯಾರು ಮಾಡಿದ್ದೋ ಅವರಿಗೆ ಹಸಿವೇ ಗೊತ್ತಿಲ್ಲ, ಹೊಟ್ಟೆಯ ಸದ್ದು ಅಷ್ಟು ಅವಸರದಲ್ಲಿ ಏಳುತ್ತದೆಯೇ ಎಂದು ಗೊಣಗಿದರು. ಹೇಗೆ ಏಳಬೇಕು ತೋರಿಸಿ ಎಂದೆ. ಅವರು ಬಲಗೈಯಿಂದ ನಾಬ್ ಹಿಡಿಯಲು ಬಂದವರು ತಡೆದು, ಅಭ್ಯಾಸಬಲದಿಂದಲೋ ಏನೋ ಎಡಗೈಯನ್ನೇ ಮುಂದೆ ಮಾಡಿದರು. ಬೆರಳು ಮಡಚುತ್ತಿರಲಿಲ್ಲ. ಬೆರಳುಗಳನ್ನು ನೆಟ್ಟಗೆಯೇ ನಾಬಿನ ಎರಡೂ ಪಕ್ಕಕ್ಕೆ ಒತ್ತಿ, ಮುಂಗೈಯನ್ನಷ್ಟೇ ಹೊರಳಿಸಿದರು. ನಾನು ಕೀ ಒತ್ತಿ ಹಿಡಿದಿದ್ದೆ. ಸದ್ದು ನಿಧಾನವಾಗಿ ಎದ್ದು, ನಡುವೆ ಒಮ್ಮೆ ಅನುಮಾನಿಸಿ, ಕೊನೆಗೆ ಸಣ್ಣದೊಂದು ದೂರು ಹೇಳಿ ಸುಮ್ಮನಾಯಿತು.

ಮಾಸ್ತರು ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ಆಕೀಗೆ ಹೇಳಬ್ಯಾಡ."

ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಮಾವನಿಗೆ ಫೋನ್ ಹಚ್ಚಿದೆ. ಗಂಟೆ ಸದ್ದಿನದನ್ನು ಶಿವಮೊಗ್ಗಕ್ಕೆ ಕಳಿಸಿ ಎಂದೆ. ತಲೆ ನೆಟ್ಟಗಿದೆಯಾ, ಅದನ್ನು ತಬ್ಬಿಕೊಂಡು ಮಲಗಿದ್ದವನು ನೀನೇ ಅಲ್ಲವಾ ಎಂದರು ಮಾವ. ಆ ಗಂಟೆಗಳು ಈಗಲೂ ನನಗೆ ಇಷ್ಟ. ಇದು ಹಸಿವಿನ ವಿಷಯ, ಅಂಗಡಿಯವರಿಗೆ ತಿಳಿಯುವುದಿಲ್ಲ ಎಂದು ಫೋನ್ ಇಟ್ಟೆ.

ಮಧ್ಯಾಹ್ನದ ಆಟಕ್ಕೆ ಥಿಯೇಟರು ತುಂಬಿತ್ತು. ಒಳಗಿನ ದೀಪ ಆರಿದ ಮೇಲೆ ಮಾಸ್ತರು ಬಗ್ಗಿಕೊಂಡು ಬಂದು ನನ್ನ ಪಕ್ಕ ಕೂತರು. ರಂಗದ ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಕೆಳಗೆ ಕೂತ ನಾವು ಅಕ್ಕನಿಗೆ ಕಾಣುತ್ತಿರಲಿಲ್ಲ. ನಮಗೆ ಅವಳು ಚೆನ್ನಾಗಿ ಕಾಣುತ್ತಿದ್ದಳು. ಬಂದಳು, ಮುನಿಸಿಕೊಂಡಳು, ಕೂತಳು. ಪಕ್ಕದ ಪರದೆಯ ಹತ್ತಿರ ಮಾಲಕರು ಕೈಕಟ್ಟಿ ನಿಂತಿದ್ದರು.

"ನನಗೆ ಹಸಿವಿಲ್ಲ" ಎಂದಳು ಅಕ್ಕ.

ನಾನು ಕೀ ಒತ್ತಿದೆ. ಮಾಸ್ತರು ನಾಬನ್ನು ನೋಡಲೇ ಇಲ್ಲ, ಹೆಂಡತಿಯ ಮುಖ ನೋಡುತ್ತಾ ಕೈ ಹೊರಳಿಸಿದರು. ಸದ್ದು ಎದ್ದು, ಅನುಮಾನಿಸಿ, ದೂರು ಹೇಳಿತು. ಮುಂದಿನ ಮಾತಿಗೆ ಬಾಯಿ ತೆರೆದಿದ್ದ ಅಕ್ಕ ಹಾಗೇ ನಿಂತುಬಿಟ್ಟಳು. ಜನ ನಗತೊಡಗಿದ್ದರು, ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ಕೈಯನ್ನು ಮೆಲ್ಲಗೆ ಹೊಟ್ಟೆಯ ಮೇಲಿಟ್ಟು, ನಾಟಕದಲ್ಲಿ ಇಲ್ಲದ ಒಂದು ಮಾತು ಆಡಿದಳು.

"ಎಲ್ಲಿಗೆ ಹೋಗಿತ್ತು ಸವಾರಿ, ಇಷ್ಟು ದಿನ?"

ಥಿಯೇಟರು ಹಾರಿಹೋಗುವಂತೆ ನಗು ಎದ್ದಿತು. ತಗಡು ಬಡಿದರು, ಬೆಂಚು ಗುದ್ದಿದರು, ಒನ್ಸ್ ಮೋರ್ ಎಂದು ಕೂಗಿದರು. ಕಂಪನಿ ನಾಟಕದಲ್ಲಿ ಜನ ಹಾಗೆ ಕೂಗಿದರೆ ದೃಶ್ಯವನ್ನು ಮತ್ತೊಮ್ಮೆ ಆಡಲೇಬೇಕು. ಮಾಲಕರು ಕಟ್ಟಿದ ಕೈ ಬಿಚ್ಚಿ, ಆಡಿ ಆಡಿ ಎಂದು ಸನ್ನೆ ಮಾಡಿದರು. ನಾಬ್ ಎಲ್ಲಿಂದ ಎಲ್ಲಿಗೆ ಹೊರಳಿತ್ತೋ ನನಗೆ ನೆನಪಿರಲಿಲ್ಲ, ಯಂತ್ರಕ್ಕೂ ಇರಲಿಲ್ಲ. ಮಾಸ್ತರಿಗೆ ಅದರ ಚಿಂತೆಯೇ ಇದ್ದಂತಿರಲಿಲ್ಲ.

ಅಕ್ಕ ಬಾಗಿಲಿನಿಂದ ಮತ್ತೆ ಬಂದಳು, ಮುನಿಸಿಕೊಂಡಳು, ಕೂತು ಹಸಿವಿಲ್ಲ ಎಂದಳು. ನಾನು ಕೀ ಒತ್ತಿದೆ. ನಾಬು ಪೂರ್ತಿ ಮುಚ್ಚಿತ್ತು, ಏನೂ ಕೇಳಿಸಲಿಲ್ಲ. ಮಾಸ್ತರು ಕೈ ಹೊರಳಿಸದೆ ಸುಮ್ಮನೆ ಕೂತಿದ್ದರು. ನಾನು ಗಾಬರಿಯಿಂದ ಅವರ ಕಡೆ ತಿರುಗಿದೆ. ಮೀಸೆಯಡಿ ನಗುತ್ತಿದ್ದರು. ಇಡೀ ಥಿಯೇಟರು ಉಸಿರು ಬಿಗಿಹಿಡಿದು ಒಂದು ಹೊಟ್ಟೆಗಾಗಿ ಕಾಯುತ್ತಿತ್ತು. ಅಕ್ಕ ತಲೆ ಬಗ್ಗಿಸಿ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಆಮೇಲೆ ಏನೂ ಕಾಣದ ನಮ್ಮ ಕತ್ತಲೆಯ ಕಡೆಗೆ ಮುಖ ಮಾಡಿ, ಈ ಸಲ ಗತ್ತಿಲ್ಲದೆ, ಬಹಳ ಮೆತ್ತಗೆ ಹೇಳಿದಳು.

"ಖರೇವಂದ್ರೂ ಹಸಿವಿಲ್ಲ."

ಆಗ ಮಾಸ್ತರು ಕೈ ಹೊರಳಿಸಿದರು.