ಬಸವೇಶ್ವರಿಯ ಸಾಗವಾನಿ ಕೀಬೋರ್ಡ್

ಇಳಕಲ್ ಬಸ್‌ಸ್ಟ್ಯಾಂಡಿನ ಹಿಂದಿನ ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆ ಮಾಡಿಸಲು ಹೋದವರೆಲ್ಲ ಅಲ್ಲಿನ ಕಟ್ಟಿಗೆಯ ಕೀಬೋರ್ಡ್ ನೋಡಿ, ಮಾಲೀಕ ಅಂದಪ್ಪನವರ ತಲೆಯನ್ನು ಹೊಗಳಿ ಬರುತ್ತಾರೆ. ನಮ್ಮ ಅತ್ತೆಯವರೂ ಹೊಗಳಿದರು. ಅವತ್ತು ನಾನು ಅರ್ಧ ಊಟಕ್ಕೇ ಎದ್ದುಬಿಟ್ಟೆ. ಆ ಪೆಟ್ಟಿಗೆಯಲ್ಲಿ ಅಂದಪ್ಪನವರದು ಒಂದು ಮೊಳೆಯೂ ಇಲ್ಲ. ಅದು ಬಸವೇಶ್ವರಿಯದು.

ಬಸವೇಶ್ವರಿ ನಮ್ಮ ಗೋಡೆಯಾಚೆ ಮನೆಯವಳು, ನೇಕಾರರ ಮಗಳು. ಚಿಕ್ಕವಳಿದ್ದಾಗ ಪವರ್‌ಲೂಮಿನ ಬೆಲ್ಟಿಗೆ ಕೈ ಸಿಕ್ಕು ಎಡಗೈಯ ಎರಡು ಬೆರಳು ಹೋದವು. ಮಗ್ಗದ ಮಾತು ಅಲ್ಲಿಗೆ ಮುಗಿಯಿತು. ಹುನಗುಂದಕ್ಕೆ ಓಡಾಡಿ ಟೈಪಿಂಗ್ ಕಲಿತು ಈ ಅಂಗಡಿ ಸೇರಿದಳು. ಬಾಗಲಕೋಟೆಯ ಯಾವುದೋ ಆಫೀಸಿನವರು ತೆಗೆದುಹಾಕಿದ್ದ ಹಳೇ ಕಂಪ್ಯೂಟರಿನ ಜೊತೆ ಬಂದ ಒಂದು ಗಿಡ್ಡ ಕೀಬೋರ್ಡ್ ಅಲ್ಲಿತ್ತು. ಬಲಬದಿಯ ಅಂಕಿಗಳ ಸಾಲು ಅದಕ್ಕಿಲ್ಲ. ಪ್ರತಿ ಬಟನ್ನಿನ ಕೆಳಗೂ ಒಂದು ಸ್ಪ್ರಿಂಗು, ಒತ್ತಿದರೆ ಟಕ್ ಎನ್ನುವ ಸದ್ದು. ಉಳಿದವರಿಗೆ ಆ ಸದ್ದು ತಲೆನೋವು. ಅವಳಿಗೆ ಮಾತ್ರ ಅದು ಒಗ್ಗಿತ್ತು. ಬಲಗೈ ಸಲೀಸಾಗಿ ಎಡಕ್ಕೆ ದಾಟುತ್ತಿತ್ತು, ಅಕ್ಷರ ಬಿದ್ದಿತೋ ಇಲ್ಲವೋ ಬೆರಳಿಗೇ ತಿಳಿಯುತ್ತಿತ್ತು.

ಎರಡು ಸಾವಿರದ ಮೂರನೇ ಇಸವಿಯ ಮಹಾನವಮಿ, ಆಯುಧಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ದಿನ. ಓಣಿಯವರನ್ನೆಲ್ಲ ಅಂಗಡಿಗೆ ಕರೆದಿದ್ದರು. ಲೋಬಾನದ ಹೊಗೆಗೆ ಮಗಳಿಗೆ ಕೆಮ್ಮು ಬಂದೀತೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅಂದಪ್ಪನವರು ಮಾನಿಟರಿಗೆ ವಿಭೂತಿ ಹಚ್ಚಿದರು, ಸರಿ. ಆಮೇಲೆ ಕೀಬೋರ್ಡಿನ ಮೇಲೆ ಅರಿಷಿಣ ಕುಂಕುಮವನ್ನು ಹಿಡಿ ಹಿಡಿಯಾಗಿ ಹಾಕಿದರು. ಕಾಯಿ ಒಡೆದು ಅದರ ನೀರನ್ನೂ ಅದರ ಮೇಲೆಯೇ ಚಿಮುಕಿಸಿದರು. ನೀರು ಬೇಡ ಎಂದು ಬಸವೇಶ್ವರಿ ಅಂದಳು. ವರ್ಷಕ್ಕೊಮ್ಮೆ ಮಾಡುವ ಶಾಸ್ತ್ರಕ್ಕೂ ಅಡ್ಡ ಬರುತ್ತಾಳಲ್ಲ ಎಂದು ಅವರು ನಕ್ಕರು, ನೆರೆದವರೂ ನಕ್ಕರು.

ಮರುದಿನ ಸಂಜೆ ಅವಳ ಕೈಗೆ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಅಂದವರೂ ಅವರೇ. ಅದರ ಮಾರನೇ ಬೆಳಿಗ್ಗೆ ಅರ್ಧ ಬಟನ್ನುಗಳು ಮೇಲೇಳಲೇ ಇಲ್ಲ. ಕುಂಕುಮ ಉದುರಿಸಲೆಂದು ಬಸವೇಶ್ವರಿ ಮಗುಚಿದಾಗ, ಮೊದಲೇ ಬಿರುಕು ಬಿಟ್ಟಿದ್ದ ಪ್ಲಾಸ್ಟಿಕ್ ಮೈ ಎರಡಾಯಿತು.

"ಮುರಿದಾಕಿ ನೀ. ಹೊಸಾದು ತರಿಸೇನಿ, ರೂಢಿ ಮಾಡ್ಕೋ. ಆಗೂದಿಲ್ಲಂದ್ರ ಮನಿ ಹಾದಿ ಹಿಡಿ" ಎಂದರು ಅಂದಪ್ಪನವರು.

ಹೊಸದು ಉದ್ದ, ಮೆತ್ತಗೆ. ಅವಳ ಕೈಗೆ ಎಟುಕಲಿಲ್ಲ. ಲಗ್ನದ ಹಂಗಾಮು ಹತ್ತಿರ ಬಂದಿತ್ತು. ಅಷ್ಟರೊಳಗೆ ಹಳೆಯದು ಸರಿಯಾಗದಿದ್ದರೆ ಕೆಲಸ ಹೋದಂತೆಯೇ. ರಿಪೇರಿ ಮಾಡಿಕೊಳ್ಳಲೇ ಎಂದು ಕೇಳಿದಳು. ಕೈಲಾದರೆ ಮಾಡಿಕೋ ಎಂದು ಅದನ್ನು ಅವಳ ಕಡೆ ದೂಡಿದರಂತೆ.

ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ಬಟನ್ನುಗಳನ್ನೆಲ್ಲ ಕಿತ್ತು ಸಾಬೂನು ನೀರಿನಲ್ಲಿ ತೊಳೆದಳು, ಒಳಗಿನದನ್ನು ಕಡ್ಡಿಗೆ ಅರಳೆ ಸುತ್ತಿ ಸ್ಪಿರಿಟ್‌ನಿಂದ ಒರೆಸಿದಳು. ಅಂಬೆಗಾಲಿಡುವ ನನ್ನ ಮಗಳು ಅಲ್ಲೇ ಸುಳಿದಾಡುತ್ತಿದ್ದಳು. ಬಟನ್ನೇನಾದರೂ ಬಾಯಿಗೆ ಹಾಕಿಕೊಂಡಿದ್ದಾಳೋ ಎಂದು, ಮನೆಗೆ ಬಂದ ಮೇಲೆ ನಾನು ಪ್ರತಿ ಸಲವೂ ಅವಳ ಬಾಯೊಳಗೆ ಬೆರಳಾಡಿಸಿ ನೋಡುತ್ತಿದ್ದೆ. ಆದರೂ ಅಲ್ಲಿಗೆ ಹೋಗುವುದನ್ನು ಬಿಡಲಾಗಲಿಲ್ಲ.

ಮುಂದಿನದು, ಮುರಿದ ಪ್ಲಾಸ್ಟಿಕ್ ಮೈಗೆ ಬದಲಾಗಿ ಒಂದು ಪೆಟ್ಟಿಗೆ. ಕೆಟ್ಟುಹೋದ ಲಗ್ನಪತ್ರಿಕೆಗಳನ್ನು ಅಂಟಿಸಿ ರಟ್ಟು ಮಾಡಿ, ಕತ್ತರಿಸಿ, ಮಡಚಿ, ಕೀಬೋರ್ಡನ್ನು ಅದರಲ್ಲಿಟ್ಟು ಕಣ್ಣು ಮುಚ್ಚಿ ಟೈಪ್ ಮಾಡಿ ನೋಡುವಳು. ಹಿಂಬದಿ ಎತ್ತರವಾದರೆ ಎಡಗೈ ಮಣಿಕಟ್ಟು ನೋಯುತ್ತಿತ್ತು, ಚಪ್ಪಟೆಯಾದರೆ ಬಲಗೈ ದಾಟುತ್ತಿರಲಿಲ್ಲ. ಹರಿದು ಹಾಕಿ ಮತ್ತೆ ಕತ್ತರಿಸುವಳು. ಕೊನೆಗೆ ಎಡಬದಿಯನ್ನು ಅಂಗೈ ಊರುವಷ್ಟು ಅಗಲ ಮಾಡಿ, ತುಸು ಎತ್ತರಿಸಿದಳು. ಮೇಲಂಚಿಗೆ, ಬಟನ್ನುಗಳಿಂದ ದೂರ, ಒಂದು ಬರಿಯ ಪಟ್ಟಿ ಬಿಟ್ಟಿದ್ದಳು. ಅದೇಕೆ ಎಂದು ಕೇಳಿದೆ.

"ಕುಂಕುಮ ಹಚ್ಚಾಕ್ರಿ ಅಕ್ಕಾರ. ಪೂಜಿ ಬ್ಯಾಡ ಅಂದ್ರ ಕೇಳೂದಿಲ್ಲ, ಜಾಗಾನರ ತೋರಸಬೇಕಲ್ರಿ."

ಮನೆಯ ಮುರುಕು ಮಗ್ಗದ ಸಾಗವಾನಿಯಿತ್ತು. ಮಗ್ಗ ರಿಪೇರಿ ಮಾಡುವ ಇಬ್ರಾಹಿಂಸಾಬರು ರಟ್ಟಿನ ಅಳತೆಯಂತೆಯೇ ಕೊರೆದು ಕೊಟ್ಟರು. ಕೀಬೋರ್ಡಿನ ವೈರು ಹಾಯಲು ತೂತನ್ನೇ ಬಿಟ್ಟಿರಲಿಲ್ಲ. "ಬಾಲ ಐತಿ ಅಂತ ಮೊದಲ ಹೇಳಬೇಕಿಲ್ಲೇನ ಯವ್ವಾ" ಎಂದು ಅವಳನ್ನೇ ಬೈದು, ಅಲ್ಲೇ ಕೂತು ಕೊರೆದರು.

ಕೀಬೋರ್ಡ್ ಅಂಗಡಿಗೆ ಮರಳಿತು. ಅವಳ ಕೈ ಮೊದಲಿಗಿಂತ ಚುರುಕಾಯಿತು. ನೋಡಿದವರೆಲ್ಲ ಮುಟ್ಟಿ ಕೇಳತೊಡಗಿದರು. ನಮ್ಮ ಅಂಗಡಿಯಲ್ಲೇ ಮಾಡಿಸಿದ್ದು ಎಂದು ಅಂದಪ್ಪನವರು ಹೇಳತೊಡಗಿದರು. ಅವಳೆದುರಿಗೇ.

ಮಗಳ ಲಸಿಕೆ ಕಾರ್ಡ್ ಜೆರಾಕ್ಸ್ ಮಾಡಿಸಲು ಹೋದ ದಿನ ನೋಡುತ್ತೇನೆ, ಬಸವೇಶ್ವರಿಯ ಕುರ್ಚಿಯಲ್ಲಿ ಅಂದಪ್ಪನವರ ಹೆಂಡತಿಯ ತಮ್ಮನ ಮಗಳು ಚೇತನಾ ಕೂತಿದ್ದಾಳೆ. ಬಸವೇಶ್ವರಿ ಪಕ್ಕದಲ್ಲಿ ನಿಂತಿದ್ದಾಳೆ.

"ಇನ್ನ ಈಕಿ ಕುಂಡ್ರಲಿ. ಈಕಿಗೆ ಹತ್ತೂ ಬೆರಳ ಅದಾವ" ಎಂದರು ಅಂದಪ್ಪನವರು, ನನ್ನ ಕಡೆ ನೋಡಿ ನಗುತ್ತ. ಒಬ್ಬ ಮನುಷ್ಯನ ಬಾಯಿಂದ ಅಂಥ ಮಾತು ಹೇಗೆ ಬರುತ್ತದೆ?

ಬಸವೇಶ್ವರಿ ಮೇಜಿನ ಡ್ರಾದಿಂದ ಸ್ಕ್ರೂಡ್ರೈವರ್ ತೆಗೆದಳು. ತುಸು ಏಳವ್ವಾ ಎಂದು ಚೇತನಾಳನ್ನು ಎಬ್ಬಿಸಿ, ಕೀಬೋರ್ಡ್ ಮಗುಚಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ಬಟನ್ನುಗಳಿದ್ದ ಬರಿಯ ತಗಡನ್ನು ಮೇಜಿನ ಮೇಲಿಟ್ಟಳು.

"ಒಳಗಿಂದು ನಿಮ್ದ್ರಿ ಮಾಲಕ್ರ. ಪೆಟಗಿ ನಂದು."

ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಹೋದಳು. ಕೆಳಗೆ ಬೆಸುಗೆಯ ಮುಳ್ಳುಮುಳ್ಳು ತುದಿಗಳಿದ್ದ ಆ ತಗಡು ಒತ್ತಿದಲ್ಲೆಲ್ಲ ಜಾರುತ್ತಿತ್ತು. ಪೇಪರ್ ಮಡಚಿ ಕೆಳಗಿಟ್ಟರೂ ನಿಲ್ಲಲಿಲ್ಲ. ಹೊಸ ಕೀಬೋರ್ಡಿನ ಮುಂದೆ ಕೂರಿಸಿದರೆ ಚೇತನಾಗೆ ಕನ್ನಡ ಟೈಪಿಂಗೇ ಸರಿಯಾಗಿ ಬರುತ್ತಿರಲಿಲ್ಲ. ಲಗ್ನಪತ್ರಿಕೆ ಮಾಡಿಸಲು ಕೊಟ್ಟವರು ಬಂದು ಬೈದು ಹೋಗತೊಡಗಿದರು. ಆಗ ಅಂದಪ್ಪನವರು ಹೇಳಿಕಳಿಸಿದರು. ತಪ್ಪಾಯಿತು ಎಂದಲ್ಲ, ಪೆಟ್ಟಿಗೆ ತಗೊಂಡು ಬಾ ಎಂದು.

ಅವಳು ಹೋದಳು, ತನ್ನ ಕುರ್ಚಿಯಲ್ಲೇ ಕೂತಳು. ಅವತ್ತಿನಿಂದ ದಿನಾ ಸಂಜೆ ಸ್ಕ್ರೂ ಬಿಚ್ಚಿ ಪೆಟ್ಟಿಗೆಯನ್ನು ಕೈಚೀಲದಲ್ಲಿ ಮನೆಗೆ ತರುತ್ತಾಳೆ, ಬೆಳಿಗ್ಗೆ ಮತ್ತೆ ಕೂಡಿಸುತ್ತಾಳೆ. ಸ್ಕ್ರೂ ತೂತುಗಳು ಸಡಿಲಾಗುತ್ತವೆ, ಅಲ್ಲೇ ಬಿಡಬಾರದೇ ಎಂದು ನಾನೇ ಹೇಳಿದೆ.

"ಬಿಟ್ಟ ಬಂದ್ರ ಮರುದಿನ ಕುರ್ಚಿ ಬ್ಯಾರೆದವರದ್ರಿ ಅಕ್ಕಾರ."

ತೂತುಗಳು ಸಡಿಲಾಗಿಯೇ ಬಿಟ್ಟಿವೆ. ಇಬ್ರಾಹಿಂಸಾಬರು ಆಗಾಗ ಕಡ್ಡಿ ತುರುಕಿ ಬಿಗಿ ಮಾಡಿ ಕೊಡುತ್ತಾರೆ. ದುಡಿಯುವ ಹೆಂಗಸು ತಾನು ಕೂರುವ ಜಾಗವನ್ನು ಹೀಗೆ ಚೀಲದಲ್ಲಿ ಹೊತ್ತು ತಿರುಗಬೇಕೇ ಎಂದು ಕೇಳಿದರೆ, ಓಣಿಯವರು ಮತ್ತೆ ಅಂದಪ್ಪನವರ ತಲೆಯನ್ನೇ ಹೊಗಳುತ್ತಾರೆ.