ಹಳದಿ ಗೆರೆಯೊಳಗಿನ ಸಂಸಾರ

ಬಿಡದಿ ಕಡೆಯ ಕಂಪನಿಯೊಂದರಲ್ಲಿ ನನ್ನ ಗಂಡನ ಕೆಲಸ ಪರ್ಮನೆಂಟ್ ಆದ ವರ್ಷ ನಮ್ಮ ಮನೆಯೂ ಕಂಪನಿಯಾಯಿತು. ಅಲ್ಲಿಯವರೆಗೆ ರಾಮನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ಅವರು, ಎರಡೂವರೆ ವರ್ಷದ ಮಗಳು, ಮೂವರೂ ಬೇಕಾದ್ದನ್ನು ಹುಡುಕುತ್ತ, ಸಿಕ್ಕದಿದ್ದಾಗ ಒಬ್ಬರನ್ನೊಬ್ಬರು ಬೈಯುತ್ತ, ಊರಿನ ಎಲ್ಲರಂತೆ ಸುಖವಾಗಿಯೇ ಇದ್ದೆವು.

ಪರ್ಮನೆಂಟ್ ಆದವರಿಗೆ ಕಂಪನಿಯಲ್ಲಿ ಒಂದು ವಾರದ ತರಬೇತಿ. ಜಪಾನಿನವರು ಕಂಡುಹಿಡಿದ ಐದು ಸೂತ್ರಗಳಂತೆ. ಬೇಕಾದ್ದು ಬೇಡವಾದ್ದು ಬೇರೆ ಮಾಡು, ಪ್ರತಿ ವಸ್ತುವಿಗೂ ಒಂದು ಜಾಗ ಗೊತ್ತುಮಾಡು, ಗುಡಿಸಿ ಒರೆಸು, ಅದನ್ನೇ ನಿಯಮ ಮಾಡು, ನಿಯಮ ತಪ್ಪಬೇಡ. ಇದನ್ನೇ ನಮ್ಮಮ್ಮ ಪೊರಕೆ ಹಿಡಿದುಕೊಂಡು ಇಪ್ಪತ್ತು ವರ್ಷ ಹೇಳಿದ್ದಳು. ಅವಳಿಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ನನ್ನ ಗಂಡನಿಗೆ ಕೊಟ್ಟರು. ಅವರು ಅದಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿಯೇ ಮೊಳೆ ಹೊಡೆದು ನೇತುಹಾಕಿದರು. ಬೆಳಗ್ಗೆ ಊದುಬತ್ತಿ ತಿರುಗಿಸುವಾಗ ಅದಕ್ಕೂ ಒಂದು ಸುತ್ತು ಸಲ್ಲುತ್ತಿತ್ತು.

ಮುಂದಿನ ಭಾನುವಾರ ಒಂದು ಡಬ್ಬಿ ಹಳದಿ ಎನಾಮಲ್ ಬಣ್ಣ ಬಂತು. ಚಪ್ಪಲಿಗೊಂದು ಚೌಕ, ಬಕೆಟ್ಟಿಗೊಂದು ವೃತ್ತ, ಸಿಲಿಂಡರಿಗೆ, ಕಸದ ಬುಟ್ಟಿಗೆ, ನೀರಿನ ಕೊಡಕ್ಕೆ ಒಂದೊಂದು ಗೆರೆ. ಅಡುಗೆಮನೆಯ ಗೋಡೆಯ ಮೇಲೆ ಸೌಟು, ಲಟ್ಟಣಿಗೆ, ತುರಿಯುವ ಮಣೆ ಎಲ್ಲದರ ಆಕಾರ ಬರೆದು ಅದರ ಮೇಲೆ ಅದನ್ನೇ ತೂಗುಹಾಕಿದರು. ಏನು ಕಾಣೆಯಾಗಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕಂತೆ. ಗೊತ್ತಾಗುತ್ತಿತ್ತು, ಸುಳ್ಳು ಹೇಳಬಾರದು. ಸೌಟು ಕಾಣೆಯಾಗಿದೆ ಎಂದು ಗೋಡೆ ಹೇಳುತ್ತಿತ್ತು. ಎಲ್ಲಿ ಹೋಗಿದೆ ಎಂದು ಮಾತ್ರ ಮೊದಲಿನ ಹಾಗೆ ನಾನೇ ಹುಡುಕಬೇಕಾಗಿತ್ತು.

ಆಮೇಲೆ ಕೆಂಪು ಚೀಟಿ. ಒಂದು ತಿಂಗಳು ಯಾರೂ ಮುಟ್ಟದ ವಸ್ತುವಿಗೆ ಕೆಂಪು ಚೀಟಿ ಅಂಟಿಸುವುದು, ಇನ್ನೊಂದು ವಾರದಲ್ಲಿ ಯಾರೂ ಬಂದು ಅದರ ಪರವಾಗಿ ಮಾತಾಡದಿದ್ದರೆ ಆಚೆ ಹಾಕುವುದು. ನನ್ನ ತವರಿನ ಹಿತ್ತಾಳೆ ಚೆಂಬಿಗೆ ಅಂಟಿತು, ಮದುವೆಯ ಬಾಸಿಂಗ ಇಟ್ಟಿದ್ದ ಡಬ್ಬಿಗೆ ಅಂಟಿತು. ಮೂರು ವರ್ಷದಿಂದ ಬೀರುವಿನ ಹಿಂದೆ ನಿಂತಿದ್ದ ಅವರ ಕ್ರಿಕೆಟ್ ಬ್ಯಾಟಿಗೆ ಅಂಟಲಿಲ್ಲ. ಕೇಳಿದ್ದಕ್ಕೆ ಅದು ಸ್ಟ್ಯಾಂಡ್‌ಬೈ ಎಂದರು.

ಗಂಡನನ್ನು ಹೀಗೆ ಆಡಿಕೊಳ್ಳುವ ನಾನೇನು ಕಡಿಮೆಯವಳಲ್ಲ. ಗಾರ್ಮೆಂಟ್ಸಿನಲ್ಲಿ ನನ್ನದು ಚೆಕಿಂಗ್ ಕೆಲಸ. ಬೇರೆಯವರು ಹೊಲಿದ ಶರ್ಟನ್ನು ಮೇಜಿನ ಮೇಲೆ ಹರಡಿ, ತಪ್ಪಿದ ಹೊಲಿಗೆಗೆ ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸು ಕಳಿಸುವುದು. ದಿನವಿಡೀ ಇನ್ನೊಬ್ಬರ ತಪ್ಪು ಹುಡುಕುವುದು, ಅದಕ್ಕೆ ಸಂಬಳ ಬೇರೆ. ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿರಲಿಲ್ಲ. ನನಗೆ ಆ ಕೆಲಸ ಬೇಕಾಗಿತ್ತು. ಎಂಟೂಕಾಲಿಗೆ ಬೀದಿಯ ತಿರುವಿಗೆ ಬಸ್ಸು ಬರುತ್ತಿತ್ತು. ಅದಕ್ಕೆ ಮುಂಚೆ ತಿಂಡಿ, ಎರಡು ಊಟದ ಡಬ್ಬಿ, ಮಗಳ ಸ್ನಾನ ಎಲ್ಲ ಮುಗಿಯಬೇಕು. ಮಗಳು ಕಾಲಿಗೆ ತೊಡರುತ್ತಿದ್ದಳು. ಆದ್ದರಿಂದ ನಡುಮನೆಯ ಮೂಲೆಯಲ್ಲಿ ಅವಳಿಗೂ ಒಂದು ಹಳದಿ ಚೌಕ ಹಾಕಿಕೊಡಿ ಎಂದು ಕೇಳಿದವಳು ನಾನೇ. ಅವರು ಖುಷಿಯಿಂದ ಹಾಕಿಕೊಟ್ಟರು. ಅದರೊಳಗೆ ಒಂದು ಚಾಪೆ, ಚನ್ನಪಟ್ಟಣದ ಮರದ ಗಿಲಕಿ, ಒಂದು ಹಳೆಯ ಕ್ಯಾಲೆಂಡರ್. ಅರ್ಧ ಗಂಟೆ ಅವಳು ಅಲ್ಲಿ ಕೂತರೆ ನನ್ನ ಬೆಳಗು ದಡ ಸೇರುತ್ತಿತ್ತು.

ಅಲ್ಲಿಂದ ಅವಳು ಹೋಗುತ್ತಿದ್ದುದು ಬೀದಿಯ ಕೊನೆಯ ಮನೆಗೆ. ಮಾಗಡಿ ಕಡೆಯಿಂದ ಬಂದ ವಿಧವೆಯೊಬ್ಬರು ಅಲ್ಲಿ ‘ಬೇಬಿ ಸಿಟ್ಟಿಂಗ್’ ಎಂದು ಬೋರ್ಡು ಬರೆಸಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದೆವು. ರಸ್ತೆ ಅಗಲವಾಗಿ, ಅದರ ಎರಡೂ ಕಡೆ ಕಂಪನಿಗಳೆದ್ದು, ಊರಿನ ಹೆಂಗಸರೆಲ್ಲ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿದ ಕಾಲ ಅದು. ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕಾದ ಅಜ್ಜಿಯರು ಹಳ್ಳಿಯಲ್ಲಿ ಹಸು ನೋಡಿಕೊಳ್ಳುತ್ತಿದ್ದರು. ಆಂಟಿಯ ನಡುಮನೆಯಲ್ಲಿ ಹನ್ನೊಂದು ಮಕ್ಕಳು, ಒಂದು ಮೂರು ಚಕ್ರದ ಸೈಕಲ್ಲು. ಆ ಸೈಕಲ್ಲಿಗಾಗಿ ದಿನವೂ ಕುರುಕ್ಷೇತ್ರ. ಆಂಟಿ ಯಾರಿಗೂ ಹೊಡೆಯುತ್ತಿರಲಿಲ್ಲ. ಕಿತ್ತಾಡಿದ ಇಬ್ಬರನ್ನೂ ಎದುರುಬದುರು ಕೂರಿಸಿ ನಡುವೆ ಒಂದೇ ತಟ್ಟೆಯಲ್ಲಿ ಕಡ್ಲೆಪುರಿ ಸುರಿಯುತ್ತಿದ್ದರು. ಪುರಿ ಖಾಲಿಯಾಗುವಷ್ಟರಲ್ಲಿ ಜಗಳವೂ ಖಾಲಿ.

ಈ ಮದ್ದು ನಾಟದಿದ್ದುದು ನನ್ನ ಮಗಳಿಗೆ ಮಾತ್ರ. ಅವಳು ಅಲ್ಲಿಗೆ ಹೋದವಳೇ ಸೀಮೆಸುಣ್ಣದ ತುಂಡು ಹುಡುಕಿ ತನ್ನ ಸುತ್ತ ಗೆರೆ ಎಳೆದುಕೊಳ್ಳುತ್ತಿದ್ದಳು. ಗೆರೆ ಸೊಟ್ಟಗಿರುತ್ತಿತ್ತು, ಆದರೆ ಅದರ ಕಾನೂನು ನೆಟ್ಟಗಿತ್ತು. ಒಳಗೆ ಕಾಲಿಟ್ಟವರನ್ನು ಕಚ್ಚುತ್ತಿದ್ದಳು. ಕಚ್ಚಿಸಿಕೊಳ್ಳುವವನು ಯಾವಾಗಲೂ ಒಬ್ಬನೇ, ಅವಳ ವಯಸ್ಸಿನ ಒಬ್ಬ ಗುಂಡು ಹುಡುಗ. ಪಾಪದವನು, ಗೆರೆ ಕಂಡರೆ ಅದರೊಳಗೆ ಏನೋ ಒಳ್ಳೆಯದು ಇದೆ ಎಂದು ನಂಬಿ ಒಳಗೆ ಬರುತ್ತಿದ್ದ. ಅವರದು ಜಮೀನಿದ್ದ ಮನೆತನ. ಹೊಲವೆಲ್ಲ ಕಂಪನಿಗಳಿಗೆ ಹೋದ ಮೇಲೆ ರಾಮನಗರಕ್ಕೆ ಬಂದು ಮನೆ ಕಟ್ಟಿಸಿದ್ದರು. ಅವನ ಅಜ್ಜಿಗೆ ಮಂಡಿ ನೋವು, ಅವನ ಹಿಂದೆ ಓಡಲಾಗುತ್ತಿರಲಿಲ್ಲ. ಅದಕ್ಕೇ ಅವನೂ ಅಲ್ಲಿ.

ಹಾಗೆ ಮತ್ತೊಮ್ಮೆ ಕಚ್ಚಿದ ದಿನ ಆಂಟಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ಬೇರೆ ಕಡೆ ಎಂಬುದು ಆಗ ಊರಿನಲ್ಲಿ ಇರಲಿಲ್ಲ. ಮಗು ಮನೆಯಲ್ಲಿ ಉಳಿದರೆ ನಾನೂ ಮನೆಯಲ್ಲಿ. ನನ್ನ ಮೇಜಿನ ಪಕ್ಕದಲ್ಲಿಯೇ ಇಬ್ಬರು ಹೀಗೆ ಬರುವುದನ್ನು ನಿಲ್ಲಿಸಿದ್ದರು. ಸೂಪರ್‌ವೈಸರು ಏಕೆ ಎಂದು ಕೇಳಿರಲಿಲ್ಲ, ಮರುದಿನವೇ ಅವರ ಸ್ಟೂಲಿನ ಮೇಲೆ ಬೇರೆಯವರು ಕೂತಿದ್ದರು.

ನಾನು ಹೆದರಿದೆ. ನನ್ನ ಗಂಡ ಹೆದರಲಿಲ್ಲ, ಅವರ ಹತ್ತಿರ ಉಪಾಯವಿತ್ತು. ಮರುದಿನ ಒಂದು ಸ್ಲೇಟು ತಂದು ಬಾಗಿಲ ಪಕ್ಕ ತೂಗುಹಾಕಿ ದುಂಡಗೆ ಬರೆದರು: ‘ಅಪಘಾತವಿಲ್ಲದ ದಿನಗಳು: 1’. ಅವರ ಕಂಪನಿಯ ಗೇಟಿನಲ್ಲಿ ಇಂಥದೇ ಬೋರ್ಡು ಇತ್ತಂತೆ. ಸಂಜೆ ಮಗಳು ಯಾರನ್ನೂ ಕಚ್ಚದೆ ಬಂದರೆ ಅಂಕಿ ಒಂದು ಏರುತ್ತಿತ್ತು. ಹಾಲಿನವನು ಅದನ್ನು ಓದಿ, ಯಾರಿಗಮ್ಮ ಪೆಟ್ಟಾಗಿದ್ದು ಎಂದು ಮರುಕದಿಂದ ವಿಚಾರಿಸಿದ.

ಅಂಕಿ ಆರಕ್ಕೆ ಬಂದಿದ್ದಾಗ ಉಯ್ಯಂಬಳ್ಳಿ ಕಡೆಯಿಂದ ನಮ್ಮತ್ತೆ ಬಂದರು. ರಾಗಿಹಿಟ್ಟು, ಹುರುಳಿಕಾಳು, ಜೊತೆಗೆ ಕಾಳು ಕೇರಲು ಒಂದು ಮೊರ. ಅವರ ಮನೆಯಲ್ಲಿ ಯಾವ ವಸ್ತುವಿಗೂ ಜಾಗವಿಲ್ಲ, ಆದರೂ ಕತ್ತಲಲ್ಲಿ ಕೈ ಹಾಕಿದರೆ ಬೇಕಾದ್ದೇ ಬರುತ್ತದೆ. ಇಲ್ಲಿ ಬಂದವರು ಬಕೆಟ್ಟನ್ನು ಚಪ್ಪಲಿಯ ಚೌಕದಲ್ಲಿಟ್ಟರು, ಪೊರಕೆಯನ್ನು ಸಿಲಿಂಡರಿಗೆ ಒರಗಿಸಿದರು. ಅವರ ಮಗ ಮೂರು ದಿನ ಹಲ್ಲು ಕಚ್ಚಿಕೊಂಡಿದ್ದು ನಾಲ್ಕನೆಯ ದಿನ ಮೊರಕ್ಕೆ ಕೆಂಪು ಚೀಟಿ ಅಂಟಿಸಿ, ತಿಂಗಳು ಕಾಯುವ ನಿಯಮವನ್ನು ತಾವೇ ಮುರಿದರು. ಅತ್ತೆ ಏನದು ಎಂದು ಕೇಳಿದರು. ಅವರು ಅರ್ಧ ಗಂಟೆ ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು, ಕಟ್ಟಿನಿಂದ ಒಂದು ಚೀಟಿ ಕಿತ್ತು ತಮ್ಮ ಸೀರೆಯ ಭುಜಕ್ಕೆ ಒತ್ತಿಕೊಂಡರು.

“ನಾನೂ ಈಗ ಕೆಲ್ಸುಕ್ ಬರಾಕಿಲ್ಲ ಕಣಪ್ಪ. ನಂಗೂ ಒಂದಿರ್ಲಿ ಬುಡು.”

ನಾನು ನಕ್ಕುನಕ್ಕು ಕಣ್ಣೊರೆಸಿಕೊಂಡೆ. ಅತ್ತೆಯ ಮಗನಿಗೂ ನಗು ಬಂತು. ಮಗಳು ಮಾತ್ರ ಚೌಕದೊಳಗೆ ಕೂತು ಆ ಚೀಟಿಯನ್ನೇ ನೋಡುತ್ತಿದ್ದಳು. ಮರುದಿನ ಅತ್ತೆ, ಹಸು ಕರು ಹಾಕುವ ದಿನ ಹತ್ತಿರ ಬಂತು ಎಂದು, ಮಗಳು ಏಳುವ ಮೊದಲೇ ಕನಕಪುರದ ಬಸ್ಸು ಹತ್ತಿದರು.

ಅದಾದ ಮೂರನೆಯ ದಿನವೇ ಆ ಹುಡುಗ ಮತ್ತೆ ಗೆರೆಯೊಳಗೆ ಬಂದ. ನಾನು ಸಂಜೆ ಬಸ್ಸಿಳಿದು ಹೋಗುವಷ್ಟರಲ್ಲಿ ಆಂಟಿಯ ಮನೆಯ ಜಗಲಿಯ ಮೇಲೆ ನ್ಯಾಯ ಸೇರಿತ್ತು. ಒಂದು ಕಡೆ ಹುಡುಗನ ಅಜ್ಜಿ, ಅವರ ತೊಡೆಯ ಮೇಲೆ ಮುಂಗೈಗೆ ಅರಿಶಿನ ಮೆತ್ತಿಸಿಕೊಂಡ ಹುಡುಗ. ಇನ್ನೊಂದು ಕಡೆ ಮೊದಲ ಶಿಫ್ಟು ಮುಗಿಸಿ ಬಂದಿದ್ದ ನನ್ನ ಗಂಡ. ನಡುವೆ ಮಗಳು. ಆಂಟಿ ನನ್ನ ಮುಖ ನೋಡದೆ, ನಾಳೆಯಿಂದ ಕರೆದುಕೊಂಡು ಬರಬೇಡಿ ಎಂದುಬಿಟ್ಟರು. ನನ್ನ ಸ್ಟೂಲು, ಅದರ ಮೇಲೆ ಬೇರೆ ಯಾರೋ ಕೂತಿರುವುದು, ಎರಡೂ ಕಣ್ಣಿಗೆ ಕಟ್ಟಿದವು.

ಆಗ ನನ್ನ ಗಂಡ ಜೇಬಿನಿಂದ ಪೆನ್ನು, ಒಂದು ಚಿಕ್ಕ ಪುಸ್ತಕ ತೆಗೆದರು. ಯಾವುದೇ ತೊಂದರೆಗೆ ಐದು ಸಲ ಯಾಕೆ ಎಂದು ಕೇಳಿದರೆ ಮೂಲ ಕಾರಣ ಸಿಕ್ಕಿಬಿಡುತ್ತದೆ ಎಂದು ಆಂಟಿಗೂ ಹುಡುಗನ ಅಜ್ಜಿಗೂ ತಿಳಿಸಿ ಹೇಳಿ, ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಯಾಕೆ ಕಚ್ಚಿದೆ ಎಂದು ಕೇಳಿದರು. ಗೆರೆಯೊಳಗೆ ಬಂದ ಎಂದಳು. ಬರೆದುಕೊಂಡರು. ಗೆರೆ ಯಾಕೆ ಹಾಕಿದೆ ಎಂದರು. ನನ್ನ ಜಾಗ ಎಂದಳು. ಅದನ್ನೂ ಬರೆದುಕೊಂಡರು. ಜಾಗ ಯಾಕೆ ಬೇಕು ಎಂದರು.

“ಜಾಗ ಇಲ್ದಿದ್ರೆ ಚೀಟಿ ಅಂಟಿಸ್ತಾರೆ.”

ಪೆನ್ನು ನಿಧಾನವಾಯಿತು. ಅಂಟಿಸಿದರೆ ಏನು, ಯಾಕೆ ಹೆದರಿಕೆ ಎಂದು ನಾಲ್ಕನೆಯದನ್ನು ಸಣ್ಣ ದನಿಯಲ್ಲಿ ಕೇಳಿದರು.

“ಅಜ್ಜಿಗೆ ಅಂಟಿಸ್ತು. ಅಜ್ಜಿ ಹೋಯ್ತು.”

ಐದನೆಯದು ಅವರ ಬಾಯಲ್ಲಿ ಬರಲಿಲ್ಲ. ಕೇಳಿದ್ದು ಹುಡುಗನ ಅಜ್ಜಿ. ನಿನಗ್ಯಾಕೆ ಅಂಟಿಸ್ತಾರೆ ಮಗಾ, ಯಾರು ಹೇಳಿದ್ದು ಎಂದರು. ಮಗಳು ನನ್ನ ಕಡೆ ಕೈ ತೋರಿಸಿದಳು.

ಸುಳ್ಳಲ್ಲ, ಹೇಳಿದ್ದೆ. ಅತ್ತೆ ಹೋದ ಮಾರನೆಯ ಬೆಳಗ್ಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಕುಕ್ಕರು ಕೂಗುತ್ತಿತ್ತು. ಅವಳು ಚೌಕ ಬಿಟ್ಟು ಬಂದು ಮೂರನೆಯ ಸಲ ನನ್ನ ನೈಟಿ ಹಿಡಿದು ಎಳೆದಿದ್ದಳು. ನಾನು ಒಂದು ಕೆಂಪು ಚೀಟಿ ತೋರಿಸಿ, ಇನ್ನೊಂದು ಸಲ ಗೆರೆ ದಾಟಿದರೆ ಇದನ್ನು ಅಂಟಿಸಿ ಆಚೆ ಹಾಕುತ್ತೇನೆ ಎಂದಿದ್ದೆ. ಅವಳು ಹೋಗಿ ಕೂತವಳು ಬಸ್ಸಿನ ಹೊತ್ತಿನವರೆಗೆ ಏಳಲಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಆ ದಿನ ಬಸ್ಸಿನಲ್ಲಿ ಪಕ್ಕದವಳ ಹತ್ತಿರ ಹೊಗಳಿಕೊಂಡಿದ್ದೆ ಕೂಡ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹೊಡೆಯುವವರು ಎನ್ನುತ್ತಾರಲ್ಲ, ನಾನು ಆ ಜಾತಿ. ನಾಚಿಕೆಯಲ್ಲಿ ನನಗೆ ಯಾರ ಮುಖ ನೋಡಲೂ ಆಗಲಿಲ್ಲ. ಗಂಡನನ್ನು ಬೈದು ಹಗುರಾಗೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ.

ಹುಡುಗನ ಅಜ್ಜಿ ಜಗಳಕ್ಕೆಂದೇ ಬಂದವರು. ಆದರೆ ಮೊಮ್ಮಗನ ಕೈ ಸವರುತ್ತ ನನಗೆ ಇಷ್ಟೇ ಹೇಳಿದರು.

“ನಮ್ಮೊಲಕ್ಕೂ ಹಿಂಗೇ ಬಂದು ಗೆರೆ ಎಳ್ದು ನಮ್ಮುನ್ನ ಆಚೆ ಹಾಕುದ್ರು ಕಣವ್ವ. ಅದು ದೊಡ್ಡೋರ್ ಕೆಲ್ಸ. ಮಗೀಗ್ಯಾಕೆ ಕಲಿಸ್ದೆ?”

ಆಂಟಿ ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಪಾತ್ರೆ ಸದ್ದು ಮಾಡಿ ಬಂದರು. ಈ ವಾರ ಮಗುವನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಸೋಮವಾರ ಕರೆದುಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು. ಅದೇ ನನಗೆ ದೊಡ್ಡ ವರವಾಗಿತ್ತು. ಸೂಪರ್‌ವೈಸರಿಗೆ ಜ್ವರ ಎಂದು ಹೇಳಿಕಳಿಸಿದೆ. ಮರಳಿ ಬಂದರೆ ಚೆಕಿಂಗ್ ಇಲ್ಲ, ದಾರ ಕತ್ತರಿಸುವ ಕಡೆ ಕೂತ್ಕೋ ಎಂದು ಉತ್ತರ ಬಂತು. ಆಗಲಿ ಎಂದೆ.

ಆ ವಾರ ನನ್ನ ಗಂಡ ಶಿಫ್ಟು ಮುಗಿಸಿ ಬಂದು ಸೀಮೆಎಣ್ಣೆ, ಉಜ್ಜುಕಾಗದ ಹಿಡಿದು ನೆಲ ಉಜ್ಜಿದರು. ಹಾಕುವಾಗ ಒಂದು ಭಾನುವಾರ ಸಾಕಾಗಿತ್ತು, ತೆಗೆಯಲು ಐದು ಸಂಜೆ ಬೇಕಾಯಿತು. ಕೆಂಪು ನೆಲದಲ್ಲಿ ಗೆರೆ ಇದ್ದ ಕಡೆ ಮಂಕು ಪಟ್ಟಿಗಳು ಉಳಿದವು. ಚೀಟಿಯ ಕಟ್ಟನ್ನು ನಾನೇ ಒಲೆಯ ಉರಿಗೆ ಹಿಡಿದು ಸುಟ್ಟೆ. ಸರ್ಟಿಫಿಕೇಟು ಮಾತ್ರ ದೇವರ ಪಕ್ಕ ಹಾಗೇ ಇತ್ತು, ಅದನ್ನು ಇಳಿಸಿ ಎನ್ನುವಷ್ಟು ನೈತಿಕ ಬಲ ನನ್ನಲ್ಲಿ ಉಳಿದಿರಲಿಲ್ಲ. ಮಗಳು ನಾಲ್ಕು ದಿನ ಅಪ್ಪ ಉಜ್ಜುವುದನ್ನು ನೋಡಿದಳು, ಐದನೆಯ ದಿನ ತಾನೂ ಒಂದು ಬಟ್ಟೆ ತುಂಡು ಹಿಡಿದು ಕೂತಳು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆವು.

ಸೋಮವಾರ ಬೆಳಗ್ಗೆ ಏಳುವುದೇ ತಡವಾಗಿ, ಬಸ್ಸಿನ ಹೊತ್ತಾದರೂ ಇನ್ನೂ ದೋಸೆ ಹುಯ್ಯುತ್ತಿದ್ದೆ. ಅವಳು ಎದ್ದು ಕಣ್ಣುಜ್ಜಿಕೊಳ್ಳುತ್ತ ಬಂದವಳು ಅಡುಗೆಮನೆಯ ಹೊಸ್ತಿಲ ಆಚೆ ನಿಂತಳು.

“ಅಮ್ಮ, ಬರ್ಲಾ?”

ಬಾ ಎಂದೆ. ಅವಳು ನೆಲ ನೋಡಿದಳು, ನನ್ನನ್ನು ನೋಡಿದಳು, ಬರ್ಲಾ ಎಂದು ಮತ್ತೆ ಕೇಳಿದಳು. ಬಾರೇ ಕಂದ, ನಿನ್ನದೇ ಮನೆ ಎಂದೆ. ಅವಳು ಅಲ್ಲೇ ನಿಂತು ಇನ್ನೊಂದು ಸಲ ಕೇಳಿದಳು. ಬೀದಿಯ ತಿರುವಿನಲ್ಲಿ ನನ್ನ ಬಸ್ಸು ಹಾರನ್ ಹೊಡೆಯಿತು. ನಾನು ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ, ಅವಳು ನಿಂತಿದ್ದಲ್ಲಿಗೆ ಹೋದೆ.